ಅಜ್ಜಿಯ ಸಿಡಿ ಮತ್ತು ಎರಡು ‘ಪ್ರೆಸೆಂಟ್ ಸರ್’

ನಮ್ಮ ರೂಮಲ್ಲಿ ಮೂರು ಜನ. ಮೂವರೂ ಸೆಕೆಂಡ್ ಇಯರ್, ಮೂವರೂ ಇಂಗ್ಲಿಷ್ ಮೀಡಿಯಂ. ಆದ್ದರಿಂದ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಹೋದ ಸೆಮ್‌ನಲ್ಲಿ ಇಂಟರ್ನಲ್ಸ್‌ಗೆ ಓದೋದು ಬಿಟ್ಟು ನಾವು ನಾಲ್ಕು ದಿನ ಒಂದು ಸಿಡಿ ಹಿಂದೆ ಬಿದ್ದಿದ್ವಿ.

ಸಿಡಿ ನಮ್ಮಲ್ಲೊಬ್ಬನ ಅಜ್ಜಿಯದು. ಮಂಡ್ಯ ಕಡೆ ಹಳ್ಳಿ. ಮದುವೆ ಮನೆಗಳಲ್ಲಿ ಸೋಬಾನೆ ಹೇಳೋರು. 2003ರಲ್ಲಿ ಅವನ ಮಾವ, ಆಗಷ್ಟೇ ಕಂಪ್ಯೂಟರ್ ಕಲಿತ ಹುರುಪಿನಲ್ಲಿ, ಅಜ್ಜಿಯನ್ನ ಕೂರಿಸಿ ಹಾಡಿಸಿ, ರೆಕಾರ್ಡ್ ಮಾಡಿ, ತಾವೇ ವೆಬ್ ಪುಟ ಬರೆದು ಎಲ್ಲವನ್ನೂ ಸಿಡಿಗೆ ತುಂಬಿದ್ದರು. ಅಜ್ಜಿ ಈಗಿಲ್ಲ, ಮಾವನೂ ಇಲ್ಲ. ಅಕ್ಕನ ಮದುವೆಗೆ ಹತ್ತು ದಿನ ಇತ್ತು. ಅಮ್ಮ ಫೋನ್ ಮಾಡಿ ಕೇಳಿದ್ದು ಇಷ್ಟೇ: “ಅದ್ರಲ್ಲಿ ಅವ್ವ ಹೇಳಿರೋ ಎಣ್ಣೆ ಶಾಸ್ತ್ರದ ಹಾಡಿದೆ, ಅದೊಂದು ತೆಗೆದುಕೊಡು. ಇಂಜಿನಿಯರಿಂಗ್ ಓದ್ತಿದ್ದೀಯಲ್ಲ.”

ಆ ಕೊನೆ ಮಾತು ಮೂವರಿಗೂ ಚುಚ್ಚಿತು.

ನಮ್ಮ ಲ್ಯಾಪ್‌ಟಾಪ್‌ಗಳಿಗೆ ಸಿಡಿ ಡ್ರೈವೇ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದು ಪುಟ ತೆರೆದರೆ, ಕನ್ನಡ ಇರಬೇಕಾದ ಕಡೆ ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗೆ ಇಂಗ್ಲಿಷ್ ಅಕ್ಷರ, ಹಾಡು ಇರಬೇಕಾದ ಕಡೆ ಖಾಲಿ ಡಬ್ಬ. ಅಕ್ಷರದ ಕಾರಣ ಬೇಗ ಗೊತ್ತಾಯ್ತು. ಮಾವ ಬರೆದದ್ದು ಯೂನಿಕೋಡ್‌ನಲ್ಲಲ್ಲ, ಬರಹ ಫಾಂಟ್‌ನಲ್ಲಿ. ಡಬ್ಬಕ್ಕೆ ಕಾರಣ ಬೇರೆ. ಆ ಕಾಲದಲ್ಲಿ ಬ್ರೌಸರ್‌ಗೆ ಹಾಡು ನುಡಿಸೋಕೆ ಬರ್ತಿರಲಿಲ್ಲ, ಪ್ಲಗಿನ್ ಅನ್ನೋ ಹೊರಗಿನ ಆಳನ್ನ ಕರೀತಿತ್ತು. ಕ್ರೋಮ್ ಆ ಬಾಗಿಲನ್ನ 2015ರಲ್ಲೇ ಪೂರ್ತಿ ಮುಚ್ಚಿತು. ಫೈರ್‌ಫಾಕ್ಸ್ 2017ರಲ್ಲಿ, ಫ್ಲ್ಯಾಶ್ ಒಂದನ್ನ ಬಿಟ್ಟು.

ಪುಟ ಯಾಕೆ, ಫೈಲನ್ನೇ ನೇರವಾಗಿ ಪ್ಲೇ ಮಾಡಬಹುದಿತ್ತಲ್ಲ ಅಂತೀರಿ. ಮಾಡಿದ್ವಿ. ಇದ್ದದ್ದು ಒಂದೇ ಫೈಲ್, ಒಂದು ಗಂಟೆಯ ಹತ್ತಿರ ಉದ್ದ. ಪೂರ್ತಿ ಕೇಳಿದ್ವಿ. ಹನ್ನೊಂದು ಹಾಡು. ಯಾವುದು ಎಣ್ಣೆ ಶಾಸ್ತ್ರ, ಯಾವುದು ತೊಟ್ಟಿಲು, ಯಾವುದು ಬೀಸುವ ಪದ ಅಂತ ಮೂವರಲ್ಲಿ ಒಬ್ಬರಿಗೂ ತಿಳೀಲಿಲ್ಲ. ಎಲ್ಲಾ ಒಂದೇ ಥರ ಕೇಳಿಸ್ತು. ಅಜ್ಜಿಯ ಮೊಮ್ಮಗ ಆ ರಾತ್ರಿ ಊಟಕ್ಕೆ ಬರಲಿಲ್ಲ.

ಮೂರನೇ ದಿನ ಲ್ಯಾಬಿನ ಮೂಲೆಯ ಎಕ್ಸ್‌ಪಿ ಕಂಪ್ಯೂಟರ್ ನೆನಪಾಯ್ತು. ಹಳೇ 8051 ಕಿಟ್‌ಗೋಸ್ಕರ ಇನ್ನೂ ಉಸಿರಾಡ್ತಿರೋ ಯಂತ್ರ. ಸಿಡಿಯಲ್ಲೇ ಇದ್ದ ಫಾಂಟ್ ಹಾಕಿದ್ವಿ, ಕನ್ನಡ ಮೂಡಿತು. ಏಳನೆಯದು: ಎಣ್ಣೆ ಶಾಸ್ತ್ರ. ಕ್ಲಿಕ್ ಮಾಡಿದ್ವಿ. ಮೊದಲನೇ ಹಾಡೇ ಬಂತು. ಮೂರನೆಯದು ಒತ್ತಿದರೂ ಅದೇ, ಒಂಬತ್ತನೆಯದಕ್ಕೂ ಅದೇ. ಮಾವ ತಪ್ಪು ಮಾಡಿದ್ದಾರೆ ಅಂತ ತೀರ್ಮಾನಿಸಿಬಿಟ್ವಿ. (ಸತ್ತವರ ಮೇಲೆ ತಪ್ಪು ಹೊರಿಸೋದು ಎಷ್ಟು ಸುಲಭ ನೋಡಿ.)

ಆಮೇಲೆ ಪುಟದ ಸೋರ್ಸ್ ತೆರೆದ್ವಿ. ಮಾವ ಪ್ರತಿ ಹಾಡಿಗೂ ಒಂದು ಪುಟ ಮಾಡಿ, ಎಲ್ಲದರಲ್ಲೂ ಅದೇ ಫೈಲ್ ಕೊಟ್ಟು, ಪಕ್ಕದಲ್ಲಿ ‘ಸ್ಟಾರ್ಟ್‌ಟೈಮ್’, ‘ಎಂಡ್‌ಟೈಮ್’ ಅಂತ ಬರೆದಿದ್ದರು. ಗಂಟೆ, ನಿಮಿಷ, ಸೆಕೆಂಡ್, ಕೊನೆಗೆ ಸೆಕೆಂಡಿನ ಮೂವತ್ತನೇ ಒಂದು ಭಾಗದ ಲೆಕ್ಕ. ಇದು ಕ್ವಿಕ್‌ಟೈಮ್ ಪ್ಲಗಿನ್‌ಗೆ ಅರ್ಥವಾಗೋ ಭಾಷೆ. ಆ ಯಂತ್ರದಲ್ಲಿ ಕ್ವಿಕ್‌ಟೈಮ್ ಇತ್ತು. ಹಾಗಾದ್ರೆ ಯಾಕೆ ಕೇಳ್ತಿಲ್ಲ?

ಬ್ರೌಸರ್‌ನಲ್ಲಿ ‘ಅಬೌಟ್:ಪ್ಲಗಿನ್ಸ್’ ಅಂತ ಹೊಡೆದಾಗ ಕಳ್ಳ ಸಿಕ್ಕಿದ. ಬ್ರೌಸರ್ ಆಳನ್ನ ಕರೆಯೋದು ಮೈಮ್ ಟೈಪ್ ಅನ್ನೋ ಹೆಸರಿಂದ. ಆಡಿಯೋ ಬಾರ್ ಎಂಪೆಗ್, ವಿಡಿಯೋ ಬಾರ್ ಕ್ವಿಕ್‌ಟೈಮ್, ಹೀಗೆ. 1992ರಲ್ಲಿ ಇ-ಮೇಲ್‌ಗೋಸ್ಕರ ಬಂದ ಪದ್ಧತಿ ಇದು, ವೆಬ್ ಅದನ್ನೇ ಎತ್ತಿಕೊಂಡಿತು. ಪ್ರತಿ ಪ್ಲಗಿನ್ನೂ ಇನ್‌ಸ್ಟಾಲ್ ಆಗುವಾಗ ತನಗೆ ಬರೋ ಹೆಸರುಗಳ ಪಟ್ಟಿ ಕೊಡುತ್ತೆ. ಪಟ್ಟಿ ಉದ್ದ ಇದ್ದಷ್ಟೂ ಜಂಬ. ಆ ಪುಟದಲ್ಲಿ ವಿಡಿಯೋ ಬಾರ್ ಕ್ವಿಕ್‌ಟೈಮ್ ಎರಡು ಕಡೆ ಇತ್ತು: ಒಂದು ಕ್ವಿಕ್‌ಟೈಮ್ ಕೆಳಗೆ, ಇನ್ನೊಂದು ಯಾರೋ ಸೀನಿಯರ್ ಹಾಕಿದ್ದ ಬೇರೊಂದು ಪ್ಲೇಯರ್ ಕೆಳಗೆ. ಅಟೆಂಡೆನ್ಸ್‌ನಲ್ಲಿ ಒಂದೇ ಹೆಸರಿಗೆ ಎರಡು ‘ಪ್ರೆಸೆಂಟ್ ಸರ್’. ಪ್ರಾಕ್ಸಿ ಹೊಡೆದವನಿಗೆ ಹಾಜರಿ ಸಿಕ್ಕಿತ್ತು. ಅವನಿಗೆ ಫೈಲ್ ನುಡಿಸೋಕೆ ಬರ್ತಿತ್ತು, ಸ್ಟಾರ್ಟ್‌ಟೈಮ್ ಓದೋಕೆ ಬರ್ತಿರಲಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಪ್ರತಿ ಸಲ ಸೊನ್ನೆಯಿಂದ ಶುರು. ಎರರ್ ಕೊಟ್ಟು ನಿಂತುಬಿಡೋ ತಪ್ಪು ಎಷ್ಟೋ ವಾಸಿ, ಅರ್ಧ ಸರಿಯಾಗಿ ಕೆಲಸ ಮಾಡೋ ತಪ್ಪೇ ಜೀವ ತಿನ್ನೋದು.

ಆಡ್-ಆನ್ಸ್‌ಗೆ ಹೋಗಿ ಆ ಇನ್ನೊಂದು ಪ್ಲಗಿನ್‌ನ ‘ಡಿಸೇಬಲ್’ ಒತ್ತಿ, ಬ್ರೌಸರ್ ಮುಚ್ಚಿ ತೆಗೆದ್ವಿ. ಅಷ್ಟೇ ಕೆಲಸ. ಏಳನೆಯದು ಒತ್ತಿದ್ವಿ, ಬೇರೆ ಹಾಡು ಬಂತು. ಮಾವ ಒಂದು ಸೆಕೆಂಡೂ ತಪ್ಪಿರಲಿಲ್ಲ.

ಉಳಿದದ್ದು ರೂಮಲ್ಲೇ ಆಯ್ತು. ಆ ಸಮಯಗಳನ್ನ ಬರೆದುಕೊಂಡು ಎಫ್‌ಎಫ್‌ಎಂಪೆಗ್‌ನಲ್ಲಿ ಹಾಡು ಕತ್ತರಿಸಿ, ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ವಿ. ಅಮ್ಮ ತುಂಬಾ ಹೊತ್ತಾದ ಮೇಲೆ ಫೋನ್ ಮಾಡಿದ್ರು. “ಇದೇ. ಆದ್ರೆ ಶುರುವಿಗೆ ಮುಂಚೆ ಅವ್ವ ಯಾರಿಗೋ ಬೈದಿದ್ದು ಇತ್ತಲ್ಲ, ಅದೆಲ್ಲಿ?”

ಇತ್ತು. ಆರನೇ ಹಾಡಿಗೂ ಏಳನೇ ಹಾಡಿಗೂ ನಡುವೆ ಅಜ್ಜಿ ಹಾಡು ನಿಲ್ಲಿಸಿ, ಮೈಕ್ ವೈರ್ ಎಳೀತಿದ್ದ ಒಂದು ಮಗುವಿಗೆ ಗದರಿಸ್ತಾರೆ. ಮಗು ಅಳುತ್ತೆ. ಐದು ವರ್ಷದ ಅಕ್ಕ ಅದು. ಮಾವ ನಾಜೂಕಾಗಿ ಅದನ್ನ ಸ್ಟಾರ್ಟ್‌ಟೈಮ್‌ನಿಂದ ಹೊರಗಿಟ್ಟಿದ್ದರು.

ನಾವು ನಲವತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಕತ್ತರಿಸಿ ಕಳಿಸಿದ್ವಿ.