ಸಂಘಕ್ಕೊಂದು ಧರ್ಮ

ಒಂದೇ ವೃತ್ತಿಯವರು ಕೂಡಿ ಸಂಘ ಕಟ್ಟಿಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲ. ಐಹೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ದಕ್ಷಿಣದ ಅನೇಕ ಶಾಸನಗಳಲ್ಲಿ ಕಾಣಸಿಗುತ್ತದೆ. ಮಠದ ಪಾಠಶಾಲೆಯಲ್ಲಿ ಶಾಸನಗಳನ್ನು ಅಭ್ಯಸಿಸುತ್ತಿದ್ದ ದಿನಗಳಲ್ಲಿ ನಮ್ಮ ಗಮನ ಸೆಳೆದುದು ಅವರ ಸಿರಿಯಲ್ಲ, ಅವರು ತಮ್ಮನ್ನು 'ವೀರಬಣಂಜು ಧರ್ಮ'ದ ಪಾಲಕರೆಂದು ಕರೆದುಕೊಂಡ ಬಗೆ. ಲಾಭಕ್ಕಾಗಿ ಕೂಡಿದವರೂ ತಮಗೊಂದು ಧರ್ಮವುಂಟೆಂದು ಕಲ್ಲಿನಲ್ಲಿ ಕೆತ್ತಿಸಿದರು. ಇಂದಿನ ಖಾಸಗಿ ಆಸ್ಪತ್ರೆಗಳ ಸಂಘಗಳ ಕುರಿತು ಯೋಚಿಸುವಾಗ ಈ ಮಾತು ನಮಗೆ ನೆನಪಾಗುತ್ತದೆ.

ಇಂತಹ ಸಂಘಗಳು ಅನಾವಶ್ಯಕವೆಂದು ನಾವು ಹೇಳಲಾರೆವು. ತಾಲ್ಲೂಕು ಕೇಂದ್ರದಲ್ಲಿ ವೈದ್ಯ ದಂಪತಿಗಳು ಹತ್ತು ಹಾಸಿಗೆಗಳ ನರ್ಸಿಂಗ್ ಹೋಂ ನಡೆಸುತ್ತಾರೆಂದು ತಿಳಿಯೋಣ. ನೋಂದಣಿ, ಅಗ್ನಿಸುರಕ್ಷತೆ, ವೈದ್ಯಕೀಯ ತ್ಯಾಜ್ಯದ ವಿಲೇವಾರಿ ಇವೆಲ್ಲವನ್ನೂ ಅವರೇ ನೋಡಿಕೊಳ್ಳಬೇಕು. 2003ರಲ್ಲಿ ಆರಂಭವಾದ ಯಶಸ್ವಿನಿಯಂತಹ ಯೋಜನೆಗಳಲ್ಲಿ ಸರ್ಕಾರ ನಿಗದಿಪಡಿಸಿದ ದರಕ್ಕೆ ಚಿಕಿತ್ಸೆ ನೀಡಿದ ಮೇಲೆ ಹಣ ಬರುವವರೆಗೆ ಕಾಯಬೇಕು. ಅವರು ಒಬ್ಬೊಬ್ಬರಾಗಿ ಹೇಳಿದರೆ ಆ ಮಾತು ಕಚೇರಿಯ ಕಡತದಲ್ಲಿಯೇ ಉಳಿಯುತ್ತದೆ. ಸಂಘವಾಗಿ ಹೇಳಿದರೆ ಸಚಿವರ ಮೇಜಿಗೆ ಮುಟ್ಟುತ್ತದೆ. 2020ರ ಜೂನ್‌ನಲ್ಲಿ, ಕೊರೋನಾ ಪೀಡೆಯ ನಡುವೆ, ಸರ್ಕಾರವು ತಾನು ಕಳುಹಿಸುವ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳು ವಿಧಿಸಬಹುದಾದ ದರಗಳನ್ನು ಗೊತ್ತುಪಡಿಸಿತು. ಆ ದಿನಗಳಲ್ಲಿ ಸರ್ಕಾರವು ಒಂದೊಂದು ಆಸ್ಪತ್ರೆಯೊಡನೆಯೂ ಪ್ರತ್ಯೇಕವಾಗಿ ಮಾತನಾಡುವುದು ಸಾಧ್ಯವಿರಲಿಲ್ಲ. ಬೆಂಗಳೂರಿನಲ್ಲಿ 'ಫನಾ' ಎಂದು ಹೆಸರಾದ ಸಂಘವೇ ಮೊದಲಾದವು ಎಲ್ಲರ ಪರವಾಗಿ ಮಾತುಕತೆಗೆ ಕುಳಿತವು.

ಆದರೆ ಬಲವೆಂಬುದು ಇಬ್ಬಾಯಿಯ ಖಡ್ಗ. 2017ರಲ್ಲಿ ರಾಜ್ಯ ಸರ್ಕಾರವು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಿತು. ಚಿಕಿತ್ಸಾ ದರಗಳನ್ನು ಸರ್ಕಾರವೇ ನಿಗದಿಪಡಿಸುವ, ಮೀರಿದವರಿಗೆ ಸೆರೆವಾಸ ವಿಧಿಸುವ ಪ್ರಸ್ತಾವಗಳು ಅದರಲ್ಲಿದ್ದವು. ವೈದ್ಯರ ಸಂಘಟನೆಗಳು ಸಿಡಿದೆದ್ದವು. ನವೆಂಬರ್ ತಿಂಗಳಲ್ಲಿ ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಕೊನೆಗೆ ಕಠಿಣ ವಿಧಿಗಳು ಸಡಿಲಗೊಂಡು ಬೆಳಗಾವಿಯ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಯಿತು. ಕರಡಿನಲ್ಲಿ ದೋಷಗಳಿದ್ದುವೆಂಬ ಅವರ ವಾದದಲ್ಲಿ ಹುರುಳಿರಬಹುದು. ಆದರೂ ಹಸುಗೂಸನ್ನು ಎದೆಗವಚಿಕೊಂಡು ಬಂದ ತಾಯಿ ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗುವಂತಾದರೆ, ಆ ವಾದವು ಅವಳ ಕಿವಿಗೆ ಹೇಗೆ ತಾನೇ ಬಿದ್ದೀತು?

ಸಂಘದ ಇನ್ನೊಂದು ಮುಖವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2012ರಲ್ಲಿ ನಮ್ಮ ಬಳಿ ಓದಿದ ಶಿಷ್ಯನೊಬ್ಬನ ತಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಕಿ ಹಣ ಕಟ್ಟುವವರೆಗೆ ಪಾರ್ಥಿವ ಶರೀರವನ್ನು ಒಪ್ಪಿಸಲಾಗದೆಂದು ಆಡಳಿತದವರು ಹೇಳಿದರು. ಶಿಷ್ಯನು ರಾತ್ರಿ ಫೋನಿನಲ್ಲಿ ಅತ್ತನು. ಆ ಜಿಲ್ಲೆಯ ಆಸ್ಪತ್ರೆಗಳ ಸಂಘದಲ್ಲಿ ಪದಾಧಿಕಾರಿಯಾಗಿದ್ದ ಹಿರಿಯ ವೈದ್ಯರೊಬ್ಬರಿಗೆ ನಾವು ವಿಷಯ ತಿಳಿಸಿದೆವು. ಅವರು ಅಪರಾತ್ರಿಯಲ್ಲಿ ಸ್ವತಃ ಅಲ್ಲಿಗೆ ಹೋದರು. ಬೆಳಗಿನ ಜಾವಕ್ಕೆ ಶರೀರ ಊರು ಸೇರಿತು. ಬಾಕಿಯನ್ನು ಸುಗ್ಗಿಯ ತರುವಾಯ ಮೂರು ಕಂತುಗಳಲ್ಲಿ ಸಲ್ಲಿಸಲಾಯಿತು. ಮುಂದೆ ಭೇಟಿಯಾದಾಗ ನಾವು ಕೃತಜ್ಞತೆ ಹೇಳಲು ಹೋದರೆ ಅವರೆಂದರು: "ಶಾಸ್ತ್ರಿಗಳೇ, ನನಗಲ್ಲಿ ಯಾವ ಅಧಿಕಾರವೂ ಇರಲಿಲ್ಲ. ನಾಳೆ ಸಂಘದ ಸಭೆಯಲ್ಲಿ ಎದುರುಬದುರು ಕೂಡಬೇಕಲ್ಲ ಎಂಬ ಸಂಕೋಚ ಅವರನ್ನು ಮಣಿಸಿತು."

ಆ ಸಂಕೋಚವೇ ಸಂಘದ ನಿಜವಾದ ಬಂಡವಾಳ. 2017ರ ತಿದ್ದುಪಡಿಯ ಬಳಿಕ, ಬಾಕಿ ಹಣಕ್ಕಾಗಿ ಒತ್ತಾಯಿಸದೆ ಶವವನ್ನು ಬಂಧುಗಳಿಗೆ ಒಪ್ಪಿಸಬೇಕೆಂಬುದು ಕಾಯ್ದೆಯ ವಿಧಿಯಾಗಿದೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣಕ್ಕಾಗಿ ಕಾಯದೆ ಚಿಕಿತ್ಸೆ ನೀಡಬೇಕು; ದರಗಳನ್ನು ಪ್ರಕಟಿಸಬೇಕು. ಆದರೆ ಕಾನೂನು ಎಚ್ಚೆತ್ತುಕೊಳ್ಳುವುದು ದೂರು ಬಂದ ಮೇಲೆ. ಸಹವೃತ್ತಿಯವರ ಮಾತು ಅದೇ ರಾತ್ರಿ ಕೆಲಸ ಮಾಡೀತು. ನೋಂದಣಿಯನ್ನು ರದ್ದುಪಡಿಸುವ ಅಧಿಕಾರ ಸಂಘಕ್ಕಿಲ್ಲ, ನಿಜ. ಆದರೆ ತಪ್ಪಿದವನಿಗೆ 'ಇದು ನಮಗೆ ಶೋಭಿಸದು' ಎಂದು ಹೇಳಲು ಯಾವ ಕಾಯ್ದೆಯ ಅನುಮತಿಯೂ ಬೇಕಿಲ್ಲ. ದರದ ಚೌಕಾಸಿಗೆ ತೋರುವ ಒಗ್ಗಟ್ಟನ್ನು ಸದಸ್ಯರ ನಡತೆಯನ್ನು ತಿದ್ದುವುದರಲ್ಲಿಯೂ ತೋರಿದಾಗ ಮಾತ್ರ ಅದು ಸಂಘ. ಇಲ್ಲವಾದರೆ ಬರಿಯ ಕೂಟ.

ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಮನೆಯವರನ್ನು ಆಸ್ಪತ್ರೆಗೆ ಸೇರಿಸುವಾಗ ದರಪಟ್ಟಿಯನ್ನೂ ಅಂದಾಜು ವೆಚ್ಚವನ್ನೂ ಕೇಳಿ ತಿಳಿದುಕೊಳ್ಳಿರಿ, ಕೇಳುವುದು ಅವಿನಯವಲ್ಲ. ಅನ್ಯಾಯವಾದರೆ ಗಾಜು ಒಡೆಯಬೇಡಿರಿ, ವೈದ್ಯರ ಮೇಲೆ ಕೈಮಾಡಬೇಡಿರಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿರಿ. ಅದರ ಒಂದು ಪ್ರತಿಯನ್ನು ಆಸ್ಪತ್ರೆಗಳ ಸಂಘಕ್ಕೂ ಕಳುಹಿಸಿರಿ. ನಮ್ಮ ಸಮಾಜದಲ್ಲಿ ಆಸ್ಪತ್ರೆ ನಡೆಸುವ ವೈದ್ಯರೂ ಅನೇಕರಿದ್ದಾರೆ. ಅಂತಹ ಪ್ರತಿಯೊಂದು ಸಂಘದ ಸಭೆಗೆ ಬಂದ ದಿನ, ಅದನ್ನು ಗಟ್ಟಿಯಾಗಿ ಓದಿಸುವವರು ಅವರೇ ಆಗಲಿ.