ಯಾರೂ ಇಲ್ಲದ ಮನೆಯಲ್ಲಿ ಬೇಯುವುದು

ಅಡುಗೆ ಬಲ್ಲವರು ಸ್ಲೋ ಕುಕರಿಗೆ ಮರ್ಯಾದೆ ಕೊಡುವುದಿಲ್ಲ. ಅದಕ್ಕೆ ಪ್ರೆಶರ್ ಕುಕರಿನ ಕೂಗಿಲ್ಲ, ಕಬ್ಬಿಣದ ಬಾಣಲೆಯ ಗತ್ತಿಲ್ಲ, ಒಗ್ಗರಣೆಯ ಚಟಪಟವಂತೂ ಇಲ್ಲವೇ ಇಲ್ಲ. ಮೂಲೆಯಲ್ಲಿ ಕೂತು ದಿನವಿಡೀ ಮುಚ್ಚಳದೊಳಗೇ ಬೆವರುತ್ತಿರುತ್ತದೆ. ಊರಿನಿಂದ ಬಂದ ನೆಂಟರು ಅದರ ಮೇಲೆ ಕೈಯಿಟ್ಟು, "ಇದು ಬೇಯಿಸುದಾ, ಬೆಚ್ಚಗೆ ಇಡುದಾ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ದೊಡ್ಡ ಸ್ಲೋ ಕುಕರಾದರೂ ಸಾಮಾನ್ಯವಾಗಿ ಎಳೆಯುವುದು 200ರಿಂದ 300 ವ್ಯಾಟ್, ಹಳೆಯ ಕಾಲದ ಮೂರು ಬಲ್ಬು ಉರಿದಷ್ಟು. ಅಷ್ಟರಲ್ಲಿ ಒಂದೂವರೆ ಕಿಲೋ ದನದ ಮಾಂಸ ಬೆಂದು, ಚಮಚ ತಾಗಿದರೆ ಬಿಡಿಬಿಡಿಯಾಗುತ್ತದೆ ಎಂದರೆ ತಿನ್ನುವವರೆಗೆ ಯಾರೂ ನಂಬುವುದಿಲ್ಲ.

ನಾನು ಷಿಕಾಗೊ ಪಕ್ಕದ ಊರಲ್ಲಿ ನರ್ಸ್. ಬೆಳಿಗ್ಗೆ ಏಳರಿಂದ ಸಂಜೆ ಏಳರ ಪಾಳಿ. ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿ, ಕೋಟು ಏರಿಸಿ, ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಹೊರಡುವಷ್ಟರಲ್ಲಿ ಎಂಟಾಗಿರುತ್ತದೆ. ಆ ಹೊತ್ತಿಗೆ ಮನೆಗೆ ಬಂದು ನಗುನಗುತ್ತಾ ಈರುಳ್ಳಿ ಹೆಚ್ಚುವ ಹೆಂಗಸರು ಜಾಹೀರಾತುಗಳಲ್ಲಿ ಮಾತ್ರ ಇರುತ್ತಾರೆ. ಹಾಗಾಗಿ ವಾರದ ನಡುವೆ ನಮ್ಮ ಮನೆಯ ರಾತ್ರಿಯೂಟ ನಿಂತಿರುವುದು ಈ ಕುಕರಿನ ಮೇಲೆ. ಅದು ಹುಟ್ಟಿದ್ದೂ ಇದೇ ಷಿಕಾಗೊದಲ್ಲಿ ಎಂದು ತಿಳಿದದ್ದು ಬಹಳ ತಡವಾಗಿ.

ಇರ್ವಿಂಗ್ ನಾಕ್ಸನ್ ಎಂಬ ಯಹೂದಿ ಎಂಜಿನಿಯರ್ ಷಿಕಾಗೊದಲ್ಲಿದ್ದ. ಮೂಲ ಹೆಸರು ನಾಖುಮ್‌ಸೋನ್. ಯುದ್ಧಕಾಲದಲ್ಲಿ ಜರ್ಮನ್ ಸದ್ದಿನ ಹೆಸರು ಬೇಡವೆಂದು ಮೊಟಕು ಮಾಡಿಕೊಂಡ. ಅವನ ತಾಯಿ ತಮಾರಾ ಬೆಳೆದದ್ದು ಲಿಥುವೇನಿಯಾದಲ್ಲಿ. ಯಹೂದಿಗಳಿಗೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಆದರೆ ಶನಿವಾರ ಮಧ್ಯಾಹ್ನ ಬಿಸಿಯೂಟ ಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಚೋಲೆಂಟ್: ಹುರುಳಿಕಾಯಿ ಬೀಜ, ಬಾರ್ಲಿ, ಆಲೂಗಡ್ಡೆ, ಒಂದಿಷ್ಟು ಮಾಂಸ, ಎಲ್ಲ ಒಂದೇ ಮಡಕೆಯಲ್ಲಿ. ಶುಕ್ರವಾರ ಸಂಜೆ ಹುಡುಗಿ ತಮಾರಾ ಆ ಮಡಕೆ ಹೊತ್ತು ಬೀದಿಯ ಬೇಕರಿಗೆ ಹೋಗುತ್ತಿದ್ದಳು. ವಾರದ ಕೆಲಸ ಮುಗಿಸಿ ಬೇಕರಿಯವನು ಒಲೆ ಆರಿಸುತ್ತಿದ್ದ. ಇಟ್ಟಿಗೆಗಳೊಳಗೆ ಉಳಿದ ಕಾವಿನಲ್ಲಿ ರಾತ್ರಿಯಿಡೀ ಮಡಕೆ ಬೇಯುತ್ತಿತ್ತು. ಅಮ್ಮನ ಈ ನೆನಪನ್ನು ಮಗ ವಿದ್ಯುತ್ತಿಗೆ ಇಳಿಸಿದ. ಮಡಕೆಯ ತಳದಲ್ಲಷ್ಟೇ ಅಲ್ಲ, ಸುತ್ತಲೂ ಕಾವು ತಾಗುವಂತೆ ತಂತಿ ಸುತ್ತಿದ. 1936ರಲ್ಲಿ ಅರ್ಜಿ ಹಾಕಿ, 1940ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದು ಮಾರಾಟಕ್ಕೆ ಬಂದದ್ದು ನಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ. ಕಾಳು ಬೇಯಿಸುವ ಪಾತ್ರೆ, ಅಷ್ಟೇ.

ಕಾಳಿನ ಮಾತು ಬಂತೆಂದು ಹೇಳಿಬಿಡುತ್ತೇನೆ, ನರ್ಸಿನ ಚಟ: ಒಣ ರಾಜ್ಮಾವನ್ನು ನೆನೆಸಿ, ಬೇರೆ ಪಾತ್ರೆಯಲ್ಲಿ ಹತ್ತು ನಿಮಿಷ ಕೊತಕೊತ ಕುದಿಸದೆ ಸ್ಲೋ ಕುಕರಿಗೆ ಹಾಕಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷ ಈ ಮಂದ ಕಾವಿಗೆ ಸಾಯುವುದಿಲ್ಲ.

ತಮಾರಾಳ ಬೇಕರಿಯ ಕಥೆ ಕೇಳಿದಾಗ ನನಗೆ ಲಿಥುವೇನಿಯಾ ದೂರ ಅನ್ನಿಸಲಿಲ್ಲ. ಮಂಗಳೂರಿನಲ್ಲಿ ಕ್ರಿಸ್‌ಮಸ್ ಹತ್ತಿರವಾದಾಗ ನಾವೂ ಕೇಕಿನ ಹಿಟ್ಟಿನ ಟ್ರೇ ಹಿಡಿದು ಬೇಕರಿಗೆ ಹೋದವರೇ. ಯಾರ ಮನೆಯಲ್ಲೂ ಅವನ್ ಇರಲಿಲ್ಲ. ಬೇಕರಿಯಣ್ಣ ಟ್ರೇಯ ಅಂಚಿಗೆ ಚೀಟಿ ಅಂಟಿಸಿ, ಉದ್ದನೆಯ ಮರದ ಸಲಿಕೆಯಿಂದ ಒಲೆಯ ಹೊಟ್ಟೆಗೆ ತಳ್ಳುತ್ತಿದ್ದ. ಬ್ರೆಡ್ಡಿನ ಸರದಿ ಮುಗಿದು ಒಲೆ ಸ್ವಲ್ಪ ತಣಿದ ಮೇಲೆಯೇ ನಮ್ಮ ಸರದಿ, ಇಲ್ಲವಾದರೆ ಕೇಕು ಹೊರಗೆ ಕರಿ, ಒಳಗೆ ಹಸಿ. ಯಾವ ಟ್ರೇ ಯಾವ ಮೂಲೆಗೆ ಎಂಬುದು ಅವನಿಗೆ ಬಿಟ್ಟದ್ದು. ಅಮ್ಮನ ಕೆಲಸ ಹಿಟ್ಟು ಕಲಸುವಲ್ಲಿಗೆ ಮುಗಿಯಿತು. ಹೊರುವುದು ನಮ್ಮ ಪಾಲು, ಕಾವು ಕಾಯುವುದು ಅವನ ಪಾಲು.

ನಾಕ್ಸನ್ನನ ಪಾತ್ರೆ ಬಹಳ ಕಾಲ ಹೆಸರು ಮಾಡದೆ ಉಳಿಯಿತು. 1970ರಲ್ಲಿ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ ಅವನ ಉದ್ಯಮವನ್ನೇ ಕೊಂಡಿತು. ಮರುವರ್ಷ ಬೀನರಿಯನ್ನು ತಿದ್ದಿ, ಬಣ್ಣ ಬಳಿದು, ಕ್ರಾಕ್-ಪಾಟ್ ಎಂದು ಮಾರಿತು. 1974ರಲ್ಲಿ ಒಳಗಿನ ಪಿಂಗಾಣಿ ಪಾತ್ರೆಯನ್ನು ಹೊರತೆಗೆದು ತೊಳೆಯುವಂತೆ ಮಾಡಿದ್ದು ನನ್ನ ಲೆಕ್ಕದಲ್ಲಿ ಪೇಟೆಂಟಿಗಿಂತ ದೊಡ್ಡ ಸಂಗತಿ. 1975ರಲ್ಲಿ ಮೇಬಲ್ ಹಾಫ್‌ಮನ್ ಬರೆದ ಸ್ಲೋ ಕುಕರ್ ಅಡುಗೆಯ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೊರಟ ಕಾಲ ಅದು. ಅಡುಗೆಯವಳು ಹೊರಗಿದ್ದರೂ ಅಡುಗೆ ನಡೆದೇ ಇರುತ್ತದೆ ಎನ್ನುವುದೇ ಕ್ರಾಕ್-ಪಾಟ್ ಜಾಹೀರಾತಿನ ಒಟ್ಟು ಮಾತು.

ಆ ಜಾಹೀರಾತಿನ ಮೇಲೆ ನನಗೊಂದು ತಕರಾರಿದೆ. ಮಡಕೆ ಹೊರುವ ಹುಡುಗಿ, ಒಲೆ ನೋಡಿಕೊಳ್ಳುವ ಬೇಕರಿಯವನು, ಹೀಗೆ ಒಂದು ಬೀದಿ ಹಂಚಿಕೊಂಡಿದ್ದ ಕೆಲಸವನ್ನು ಈ ಕುಕರ್ ಪ್ಲಗ್ಗಿಗೆ ಸಿಕ್ಕಿಸಿ ಒಬ್ಬಳ ಅಡುಗೆಕಟ್ಟೆಯ ಮೇಲೆ ತಂದಿಟ್ಟಿತು. ಕಾವು ತಾನಾಗಿ ನಡೆಯುತ್ತದೆ, ಸರಿ. ಬೆಳಗಿನ ಐದೂವರೆಗೆ ಎದ್ದು ಅದನ್ನು ತುಂಬುವವರು ಯಾರು? ಕೆಲಸ ಕಡಿಮೆಯಾಗಲಿಲ್ಲ, ಸಂಜೆಯಿಂದ ಮುಂಜಾನೆಗೆ ಜರುಗಿತು. ಹಾಗಂತ ನಾನು ಅದನ್ನು ಬಿಟ್ಟುಕೊಡುವವಳೂ ಅಲ್ಲ. ಸಂಜೆ ಎಂಟರ ಅರ್ಧ ಗಂಟೆಗೂ ಮುಂಜಾನೆಯ ಅರ್ಧ ಗಂಟೆಗೂ ಇರುವ ಬೆಲೆಯ ವ್ಯತ್ಯಾಸ ಹನ್ನೆರಡು ತಾಸು ನಿಂತು ಬಂದವರಿಗೆ ಗೊತ್ತು.

ಮುಂಜಾನೆಯ ಕೆಲಸವಾದರೂ ಏನು? ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ರಾತ್ರಿಯೇ ಹೆಚ್ಚಿ ಫ್ರಿಜ್ಜಿನಲ್ಲಿರುತ್ತವೆ. ಮಾಂಸ ಚಕ್, ಅಂದರೆ ಭುಜದ ಭಾಗ. ಬದುಕಿದ್ದಷ್ಟು ದಿನ ಮೈಭಾರ ಹೊತ್ತು ನಡೆದ ಸ್ನಾಯು, ಆದ್ದರಿಂದ ಗಟ್ಟಿ, ಆದ್ದರಿಂದ ಅಗ್ಗ. ಬೆನ್ನಿನ ಮೆದು ತುಂಡು ತಂದು ಇದಕ್ಕೆ ಹಾಕುವುದು ದುಡ್ಡಿಗೂ ದಂಡ, ಬಾಯಿಗೂ ದಂಡ, ಒಣಗಿ ನಾರಾಗುತ್ತದೆ. ಚಕ್‌ನ ಎಳೆಗಳ ನಡುವೆ ಬಿಳಿ ಪೊರೆಯಾಗಿ ಕಾಣುವ ಕೊಲ್ಯಾಜನ್ ಇರುತ್ತದೆ. ಮಾಂಸ 60 ಡಿಗ್ರಿ ದಾಟುತ್ತಿದ್ದಂತೆ ಮೊದಲು ಬಿಗಿಯುತ್ತದೆ, ರಸ ಹಿಂಡುತ್ತದೆ. 70ರಿಂದ ಮೇಲೆ ಗಂಟೆಗಟ್ಟಲೆ ಇದ್ದಾಗ ಕೊಲ್ಯಾಜನ್ ಕರಗಿ ಜೆಲಾಟಿನ್ ಆಗಿ ಎಳೆಗಳನ್ನು ಸಡಿಲಿಸುತ್ತದೆ. ಮೂರನೇ ಗಂಟೆಯಲ್ಲಿ ಚುಚ್ಚಿ ನೋಡಿ ಹತಾಶರಾಗುವವರಿದ್ದಾರೆ. ಮಾಂಸ ಅತ್ಯಂತ ಗಟ್ಟಿಯಾಗಿರುವ ಹೊತ್ತೇ ಅದು. ಚುಚ್ಚಲು ಮುಚ್ಚಳ ತೆಗೆದ ತಪ್ಪಿಗೆ ಇನ್ನೂ ಇಪ್ಪತ್ತು ನಿಮಿಷ ಕಾಯಬೇಕು, ಹೋದ ಕಾವು ಮರಳಲು ಅಷ್ಟು ಹೊತ್ತು ಬೇಕು. ಮನೆಯಲ್ಲಿ ಯಾರೂ ಇಲ್ಲದಿರುವುದು ಈ ಅಡುಗೆಗೆ ಒಳ್ಳೆಯದೇ.

ಊರಲ್ಲಿ ದನದ ಮಾಂಸ ಪಕ್ಕದ ಮನೆಗೆ ಸಾರಿ ಹೇಳಿ ಮಾಡುವ ಅಡುಗೆಯಾಗಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಬರುವಾಗ ಅಪ್ಪನ ಕೈಚೀಲದಲ್ಲಿ ಎಲೆಯ ಪೊಟ್ಟಣ ಬರುತ್ತಿತ್ತು. ದುಡಿದು ಮುದಿಯಾದ ಜಾನುವಾರಿನ ಮಾಂಸ, ಬೇಗ ಬೇಯುವ ಜಾತಿಯಲ್ಲ. ಕರ್ನಾಟಕದಲ್ಲಿ ಜಾನುವಾರು ಹತ್ಯೆ ತಡೆಯುವ 2020ರ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಕಡಿಯಲು ಅವಕಾಶ. ಅಮ್ಮ ಈಗ ಕುಕರಿನ ಕೂಗು ಇನ್ನಷ್ಟು ಏರಿಸುತ್ತಾರೆ. ಪ್ರೆಶರ್ ಕುಕರ್ 120 ಡಿಗ್ರಿಯ ಆಸುಪಾಸಿನಲ್ಲಿ ಮುಕ್ಕಾಲು ಗಂಟೆಗೆ ಮುಗಿಸುವುದನ್ನು ನನ್ನ ಯಂತ್ರ ಕುದಿಗಿಂತ ಕೆಳಗೆ ಎಂಟು ಗಂಟೆ ಎಳೆಯುತ್ತದೆ. ಆದರೆ ಕೂಗುವ ಕುಕರನ್ನು ಮನೆಯಲ್ಲಿ ಬಿಟ್ಟು ಪಾಳಿಗೆ ಹೋಗುವ ಧೈರ್ಯ ಯಾರಿಗಿದೆ?

ನನ್ನ ಮುಂಜಾನೆಗೆ ಮರಳಿದರೆ, ಮಾಂಸಕ್ಕೆ ಉಪ್ಪು ಸವರಿ ಬಾಣಲೆಯಲ್ಲಿ ಎರಡೂ ಮೈ ಕಂದಾಗುವಂತೆ ಹುರಿಯುತ್ತೇನೆ. ರಸ ಒಳಗೇ ಉಳಿಯಲಿ ಎಂದು ಹೀಗೆ ಹುರಿಯಬೇಕೆನ್ನುವುದು 19ನೇ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹಬ್ಬಿಸಿದ ನಂಬಿಕೆ. ರಸ ನಿಲ್ಲುವುದಿಲ್ಲ, ಹುರಿದಾಗ ಬರುವುದು ರುಚಿ. ಆ ಕಂದು ರುಚಿ ಹುಟ್ಟಲು 140 ಡಿಗ್ರಿಯಾದರೂ ಬೇಕು, ಕುಕರಿನೊಳಗೆ ಅದು ಕನಸು. ಬಾಣಲೆಗೆ ಅಂಟಿದ್ದನ್ನು ಒಂದು ಲೋಟ ನೀರು ಹಾಕಿ ಕೆರೆದು ಅದನ್ನೂ ಸುರಿಯಬೇಕು. ಒಂದು ಲೋಟ ಸಾಕು: ಇಲ್ಲಿ ಆವಿ ಹೊರಗೆ ಹೋಗುವುದಿಲ್ಲ, ಮಾಂಸವೇ ನೀರು ಬಿಡುತ್ತದೆ. ಅಮೆರಿಕನ್ನರು ಇದಕ್ಕೆ ಲಿಪ್ಟನ್ ಈರುಳ್ಳಿ ಸೂಪಿನ ಪೊಟ್ಟಣ ಸುರಿಯುತ್ತಾರೆ. ಲಿಪ್ಟನ್ ಎಂದರೆ ಚಹಾ ಎಂದು ನಂಬಿ ಬೆಳೆದವಳಿಗೆ ಮೊದಲು ಅದು ಹಿಡಿಸಲಿಲ್ಲ. ರುಚಿಯಲ್ಲಿ ಮೋಸವಿಲ್ಲ, ಉಪ್ಪು ಮಾತ್ರ ಜಾಸ್ತಿ. ನಾನು ಹಾಕುವುದು ವೂಸ್ಟರ್ ಸಾಸ್. ಇಂಗ್ಲಿಷರದೆಂದು ಮೆರೆಯುವ ಆ ಬಾಟಲಿಯೊಳಗೆ ನಮ್ಮ ಹುಣಸೆಹಣ್ಣಿದೆ.

ಎಂಟು ಗಂಟೆ ಮುಗಿದಾಗ ಕುಕರ್ ತಾನಾಗಿ ವಾರ್ಮ್‌ಗೆ ಇಳಿಯುತ್ತದೆ. 60 ಡಿಗ್ರಿಗಿಂತ ಕೆಳಗೆ ಹೋಗಬಾರದು, ಅಷ್ಟೇ. ಗ್ರೇವಿ ಮಾತ್ರ ಅದರ ಕೈಲಾಗದು. ಒಳಗಿರುವುದು ರುಚಿಯಾದ, ತೆಳ್ಳಗಿನ ನೀರು. ಮಾಂಸ ತಟ್ಟೆಗೆತ್ತಿ, ರಸ ಸೋಸಿ, ತೇಲುವ ಜಿಡ್ಡು ತೆಗೆದು, ಒಲೆಯ ಮೇಲೆ ಬತ್ತಿಸಬೇಕು. ತಣ್ಣೀರಿನಲ್ಲಿ ಕದಡಿದ ಎರಡು ಚಮಚ ಕಾರ್ನ್‌ಫ್ಲೋರ್ ಬಿಟ್ಟು ಕೈಯಾಡಿಸುತ್ತಿದ್ದರೆ, ಕುದಿ ಬಂದ ಕ್ಷಣ ಸೌಟು ಭಾರವಾಗುತ್ತದೆ. ರಸ ಹೊಳಪೇರಿ ಚಮಚದ ಬೆನ್ನಿಗೆ ಅಂಟುತ್ತದೆ. ಬಿಸಿ ರಸಕ್ಕೆ ಒಣ ಹಿಟ್ಟು ಉದುರಿಸಿದರೆ ಗಂಟುಗಳೇ ಗತಿ.

ಈ ಗ್ರೇವಿ ಈಗ ನನ್ನ ಗಂಡನ ಇಲಾಖೆ. ಬೇಕರಿಯ ಕಥೆಯನ್ನು ಅವರಿಗೆ ಬೇಕಂತಲೇ ಎರಡು ಸಲ ಹೇಳಿದ್ದೆ. ಮುಂಜಾನೆಯದು ನನ್ನದು, ಸಂಜೆಯದು ಅವರದು, ಪಾತ್ರೆ ತೊಳೆಯುವುದು ಮಗನದು ಎಂದು ಆಮೇಲೆ ತೀರ್ಮಾನವಾಯಿತು. ಅವರು ಕೊನೆಯಲ್ಲಿ ಕದ್ದು ಅರ್ಧ ಚಮಚ ನಮ್ಮ ಮಂಗಳೂರಿನ ಬಾಫಾತ್ ಮಸಾಲೆ ಪುಡಿ, ಒಂದಿಷ್ಟು ವಿನೆಗರ್ ಸೇರಿಸುತ್ತಾರೆ. ಆಲೂಗಡ್ಡೆ ಮುದ್ದೆಯ ಮೇಲೆ ಕೆಂಪು ಗ್ರೇವಿ ಕಂಡರೆ ಇಲ್ಲಿ ಹುಟ್ಟಿದ ಮಗ ಮುಖ ಸಿಂಡರಿಸಿ, ಇದು ಗ್ರೇವಿಯೇ ಅಲ್ಲ ಎಂದು ವಾದಕ್ಕೆ ಕೂರುತ್ತಾನೆ. ಮರುದಿನ ಅದೇ ಉಳಿದ ಗ್ರೇವಿಯನ್ನು ನೀರ್ದೋಸೆಯ ಜೊತೆ ಇಟ್ಟರೆ ಅವನ ವಾದ ಇರುವುದಿಲ್ಲ, ಗ್ರೇವಿಯೂ ಇರುವುದಿಲ್ಲ.