ಯಾವ ಬಣ್ಣಕ್ಕ ನಿಲ್ಲಸೋಣ್ರಿ?

“ಸಾಹೇಬ್ರ, ಯಾವ ಬಣ್ಣಕ್ಕ ನಿಲ್ಲಸೋಣ್ರಿ?”

ಬೈಲಹೊಂಗಲದ ಮಿಸ್ತ್ರಿ ವಿಡಿಯೊ ಕಾಲ್‌ನಲ್ಲಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ರೂಮಿನ ಹೊರಗೆ ನಿಂತಿದ್ದೆ. ಅವರ ತೊಡೆಯ ಮೇಲೆ ನಮ್ಮ ಹಳೇ ಜಾವಾದ ಪೆಟ್ರೋಲ್ ಟ್ಯಾಂಕ್. ಉಜ್ಜಿದ ಜಾಗದಲ್ಲಿ ಮೂರು ಬಣ್ಣಗಳು ಒಂದರೊಳಗೊಂದು ಉಂಗುರದ ಹಾಗೆ ಕಾಣುತ್ತಿದ್ದವು. ಮೇಲೆ ಕಪ್ಪು, ಅದರಡಿ ಕಿತ್ತಳೆ, ಎಲ್ಲಕ್ಕಿಂತ ಕೆಳಗೆ ಮರೂನ್.

ಕಪ್ಪು ನನಗೆ ಗೊತ್ತಿತ್ತು. ನಾನು ಹುಟ್ಟಿ ಬೆಳೆದದ್ದೆಲ್ಲ ಆ ಕಪ್ಪು ಗಾಡಿಯ ಟ್ಯಾಂಕಿನ ಮೇಲೆ ಕೂತೇ. ಮರೂನ್ ಅಂದರೆ ಕಂಪನಿಯ ಬಣ್ಣ, ಅದೂ ಗೊತ್ತು. ಈ ಕಿತ್ತಳೆ ಯಾವುದು?

“ನಡುವೆ ಯಾರೋ ಹಚ್ಚಿದ್ದು ಇರಬೇಕ್ರಿ. ಮರೂನ್ ಬರೋತನಕ ಉಜ್ಜಿಬಿಡ್ರಿ” ಅಂದೆ.

ಮಿಸ್ತ್ರಿ ಉಜ್ಜಲಿಲ್ಲ. “ಒಮ್ಮೆ ನಿಮ್ಮಪ್ಪಾರನ್ನ ಕೇಳ್ರಿ. ಇದನ್ನ ಯಾರೋ ಬೇಕಂತನ ಹಚ್ಚ್ಯಾರ. ತಳಕ್ಕ ಪ್ರೈಮರ್ ಐತಿ, ಮ್ಯಾಲ ಎರಡು ಕೋಟ್ ಐತಿ. ಹುಡುಗಾಟಕ್ಕ ಇಷ್ಟು ಚಲೋ ಯಾರೂ ಹಚ್ಚಂಗಿಲ್ರಿ.”

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಮ್ಮೂರು ಸಂಪಗಾಂವ. ಬೈಲಹೊಂಗಲ ತಾಲೂಕು, ಎರಿ ಹೊಲದ ಸೀಮೆ. ಗಾಡಿ 1969ರ ಮಾಡೆಲ್ ಜಾವಾ 250. ಅಜ್ಜ ಅದನ್ನು 1981ರಲ್ಲಿ ಧಾರವಾಡದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಚೆಕೊಸ್ಲೊವಾಕಿಯಾದ ಗಾಡಿಯಾದರೂ ಇದು ಹುಟ್ಟಿದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇವನ್ನು ಮಾಡುತ್ತಿತ್ತು. ಮುಂದೆ 1973ರಿಂದ ಯೆಜ್ಡಿ ಅಂತ ಹೆಸರು ಬದಲಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಗಾಡಿ ಓಡಿಸಿದವರಿಗೆ ಗೊತ್ತು: ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರು. ಕೀಲಿ ಕಳೆದರೆ ಮೊಳೆ ಹಾಕಿ ಚಾಲು ಮಾಡುತ್ತಿದ್ದರು ಅಂತ ಹೇಳಿದರೆ ನನ್ನ ಆಫೀಸಿನವರು ನಂಬುವುದಿಲ್ಲ.

2006ರಲ್ಲಿ ಅಪ್ಪ ಹೊಸ ಗಾಡಿ ತಗೊಂಡಮೇಲೆ ಜಾವಾ ದನದ ಕೊಟ್ಟಿಗೆ ಸೇರಿತು. ಕೋಳಿಗಳು ಅದರ ಸೀಟಿನ ಮೇಲೆ ಕೂರುತ್ತಿದ್ದವು. 2018ರ ನವೆಂಬರಿನಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವಲ್ಲ, ಆವಾಗಿನಿಂದ ಬೆಂಗಳೂರಿನಲ್ಲಿ ಹಳೇ ಜಾವಾಗಳಿಗೂ ಎಲ್ಲಿಲ್ಲದ ಮರ್ಯಾದೆ. ನಂಗೂ ತಲೆಗೆ ಏರಿತು. ನಮ್ಮದನ್ನೂ ಶೋರೂಮಿನಿಂದ ಈಗಷ್ಟೇ ಇಳಿಸಿದ ಹಾಗೆ ಮಾಡಬೇಕು, ಫೋಟೊ ಹಾಕಬೇಕು. 2023ರ ಯುಗಾದಿಗೆ ಊರಿಗೆ ಹೋದವನು ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಮಿಸ್ತ್ರಿಯ ಅಂಗಡಿಗೆ ಇಳಿಸಿದೆ.

ಇಳಿಸಿದ ದಿನವೇ ಒಂದು ತಪ್ಪು ಮಾಡಿದೆ. ಸೀಟಿನ ಹಿಂದೆ ಕಬ್ಬಿಣದ ದೊಡ್ಡ ಕ್ಯಾರಿಯರ್ ಒಂದಿತ್ತು, ಯಾರೋ ಮನೆಯಲ್ಲೇ ಬೆಸುಗೆ ಹಾಕಿ ಮಾಡಿದ್ದು. ನೋಡಲು ಚಂದವಿರಲಿಲ್ಲ. “ಇದು ಕಂಪನೀದಲ್ಲ, ಗುಜರಿಗೆ ಹಾಕ್ರಿ” ಅಂತ ನಾನೇ ಬೋಲ್ಟ್ ಬಿಚ್ಚಿ ಕೊಟ್ಟೆ. ಅದು ಅವತ್ತೇ ಹೋಯಿತು.

ಕಿತ್ತಳೆ ಬಣ್ಣದ ಬಗ್ಗೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಅದು ಟ್ರ್ಯಾಕ್ಟರಿನ ಬಣ್ಣ” ಅಂದ, ಇಟ್ಟುಬಿಟ್ಟ. ಸಂಜೆ ಅವ್ವನ ಮೊಬೈಲಿನಿಂದ ಒಂದು ಫೋಟೊ ಬಂತು. ಫೋಟೊದ ಫೋಟೊ, ಅವ್ವನ ಹೆಬ್ಬೆರಳೂ ಒಂದು ಮೂಲೆಯಲ್ಲಿದೆ.

ಕಪ್ಪು–ಬಿಳುಪು ಚಿತ್ರ. ಬಣವಿಯ ಮುಂದೆ ಜಾವಾ ನಿಂತಿದೆ. ಆದರೆ ನಾನು ಕಂಡ ಜಾವಾ ಅಲ್ಲ ಅದು. ಮುಂದಿನ ಗಾಲಿಯನ್ನು ಅರ್ಧ ಮುಚ್ಚುವ ದೊಡ್ಡ ಮಡ್‌ಗಾರ್ಡ್ ಇಲ್ಲ. ಅದರ ಬದಲು ಅಗಲ ಕಮ್ಮಿಯ ಸಣ್ಣದೊಂದನ್ನು ಗಾಲಿಯಿಂದ ನಾಲ್ಕು ಬೆರಳು ಮೇಲೆ ಕೂರಿಸಿದ್ದಾರೆ. ಎರಡೂ ಸೈಲೆನ್ಸರಿನ ಬಾಯಿ ಆಕಾಶಕ್ಕೆ ಎತ್ತಿವೆ. ಅಗಲವಾದ ಹ್ಯಾಂಡಲ್. ಹಿಂದೆ ಅದೇ ಕ್ಯಾರಿಯರು. ಗಾಡಿಯ ಎರಡೂ ಬದಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಇಬ್ಬರು: ಇಪ್ಪತ್ಮೂರರ ಅಪ್ಪ, ಹತ್ತೊಂಬತ್ತರ ಕಾಕಾ. ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿತ್ತಂತೆ: 1983.

ಅಪ್ಪನೂ ಕಾಕಾನೂ ಮಾತು ಬಿಟ್ಟು ಒಂಬತ್ತು ವರ್ಷ. 2014ರಲ್ಲಿ ಪಾಲಾಯಿತು. ವಾಟ್ನಿ ಪತ್ರ ಆಯಿತು, ಉತಾರದಲ್ಲಿ ಹೆಸರು ಬೇರೆಯಾದವು, ಆದರೆ ಒಂದು ಬದುವಿನ ತಕರಾರು ಉಳಿದುಕೊಂಡಿತು. ಒಂದೇ ಓಣಿಯ ಎರಡು ತುದಿಗೆ ಎರಡು ಮನೆ. ಮದುವೆ–ಮಣ್ಣಿಗೂ ಹೋಗುತ್ತಾರೆ, ಆದರೆ ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು.

ಆ ವಾರಾಂತ್ಯ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಒಂದೊಂದೇ ಬಿಡಿಸಿ ಹೇಳಿದ. ಮಳೆಗಾಲದಲ್ಲಿ ಎರಿ ಮಣ್ಣು ಟೈರಿಗೆ ಹತ್ತಿದರೆ ಬಿಡುವುದಿಲ್ಲ. ಜಾವಾದ ಆ ಕಂಪನಿ ಮಡ್‌ಗಾರ್ಡ್ ಒಳಗೆ ರಾಡಿ ತುಂಬಿ ಗಾಲಿ ಗಪ್ಪನೆ ನಿಂತುಬಿಡುತ್ತಿತ್ತು. ನೂರು ಹೆಜ್ಜೆಗೊಮ್ಮೆ ಇಳಿದು ಕೋಲಿನಿಂದ ಕೆರೆಯಬೇಕು. ಅದಕ್ಕೇ ಅದನ್ನು ಕಿತ್ತು ಮೇಲೆ ಏರಿಸಿದ್ದು. ಹಳ್ಳ ದಾಟುವಾಗ ನೀರು ಹೋಗಬಾರದು ಅಂತ ಸೈಲೆನ್ಸರಿನ ಬಾಯಿ ಎತ್ತಿದ್ದು. ರಾಡಿಯಲ್ಲಿ ಗಾಡಿ ಜಾರಿದರೆ ಹಿಡಿತ ಸಿಗಲಿ ಅಂತ ಅಗಲ ಹ್ಯಾಂಡಲ್. ಹತ್ತಿ ಚೀಲಕ್ಕೆ ಕ್ಯಾರಿಯರ್. ಬಣ್ಣ ಮಾತ್ರ ಶೋಕಿಗೆ. ಯಾರದೋ ಎಚ್‌ಎಂಟಿ ಟ್ರ್ಯಾಕ್ಟರಿಗೆ ತಂದು ಉಳಿದ ಡಬ್ಬಿ.

“ವೆಲ್ಡಿಂಗ್ ಎಲ್ಲಾ ನಿಮ್ಮ ಕಾಕಾಂದು. ಕೈ ಚಲೋ ಇತ್ತು ಮಗಂದು” ಅಂದ ಅಪ್ಪ. ಒಂಬತ್ತು ವರ್ಷದಲ್ಲಿ ಅಪ್ಪನ ಬಾಯಲ್ಲಿ ಕಾಕಾನ ಬಗ್ಗೆ ಒಳ್ಳೇ ಮಾತು ಕೇಳಿದ್ದು ಅದೇ ಮೊದಲು.

ರಾತ್ರಿ ಮಲಗಿದಾಗ ನನಗೆ ಹಾಟ್ ರಾಡ್ ಕಾರುಗಳು ನೆನಪಾದವು. 1930–40ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ಅಗ್ಗಕ್ಕೆ ತಂದು, ಮಡ್‌ಗಾರ್ಡ್–ಬಂಪರ್ ಕಿತ್ತೆಸೆದು, 1932ರಲ್ಲಿ ಬಂದ ಫೋರ್ಡ್ ವಿ–8 ಎಂಜಿನ್ ಕೂರಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1964ರಲ್ಲಿ ಬ್ರೂಸ್ ಮೇಯರ್ಸ್ ಎಂಬಾತ ಅದೇ ಸೀಮೆಯ ಮರಳಿನಲ್ಲಿ ಓಡಿಸಲೆಂದು ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳಿಗೆ ಫೈಬರಿನ ತೊಟ್ಟಿಯಂಥ ಮೈ ಹೊಲಿಸಿದ. ಬೀಚ್ ಬಗ್ಗಿ ಅಂತ ನಾವು ಸಿನಿಮಾಗಳಲ್ಲಿ ನೋಡುವುದು ಅದರ ಸಂತಾನವನ್ನೇ. ಇವತ್ತು ಅಂಥ ಗಾಡಿಗಳನ್ನು ರಿಪೇರಿ ಮಾಡುವವರಲ್ಲಿ ಒಂದು ಪಂಗಡವಿದೆ. ಅವರು ಅವನ್ನು ಕಂಪನಿಯಿಂದ ಬಂದ ಸ್ಥಿತಿಗೆ ಒಯ್ಯುವುದಿಲ್ಲ. ಯಾವ ವರ್ಷ ಯಾವನೋ ಹುಡುಗ ಅದನ್ನು ಕಿತ್ತು ಕಟ್ಟಿದನೋ ಆ ವರ್ಷಕ್ಕೆ ಒಯ್ಯುತ್ತಾರೆ. ಆ ಕಾಲದ ಬಿಡಿಭಾಗ, ಆ ಕಾಲದ ಬಣ್ಣ, ಆಮೇಲಿನದು ಒಂದು ಬೋಲ್ಟೂ ಇರಬಾರದು. ‘ಪೀರಿಯಡ್ ಕರೆಕ್ಟ್’ ಅಂತಾರೆ. ಅವರ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡಿದವನು ನಾನು. ಮರಳಿಗೆ ಅವರು ಮಾಡಿದ್ದನ್ನು ನಮ್ಮನೆಯವರು ಎರಿ ರಾಡಿಗೆ ಮಾಡಿದ್ದರು, ನಾನು ಅದನ್ನು ಗುಜರಿಗೆ ಹಾಕಿದ್ದೆ.

ಕಾನೂನಿನ ಮಾತೂ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ–ಬಾಡಿ–ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗಿದ್ದರೆ ವಿಶೇಷ ನಂಬರ್ ಪ್ಲೇಟು. ನಮ್ಮದಕ್ಕೆ ಐವತ್ನಾಲ್ಕು. ನನಗೆ ಆ ಪ್ಲೇಟಿನ ಮೇಲೆ ಕಣ್ಣಿತ್ತು. ಆದರೆ ಆ ಪ್ಲೇಟ್ ಹಾಕಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಅಪ್ಪನಿಗೆ ಹೇಳಿದೆ. “ಹೊಲಕ್ಕ ಹೋಗಾಕ ಬರಂಗಿಲ್ಲಂದ್ರ ಗಾಡಿ ಯಾಕ?” ಅಂದ. ಪ್ಲೇಟಿನ ವಿಷಯ ಅಲ್ಲಿಗೆ ಮುಗಿಯಿತು. ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದೂ ಗೊತ್ತಿತ್ತು. ಅದಕ್ಕೆ ಎಂಜಿನ್, ಚಾಸಿಯ ತಂಟೆಗೆ ಹೋಗಬಾರದು, ಬಣ್ಣವನ್ನು ಆರ್‌ಸಿಯಲ್ಲಿ ಬರೆಸಬೇಕು ಅಂತ ತೀರ್ಮಾನಿಸಿದೆ.

ಮಿಸ್ತ್ರಿಗೆ ಹೇಳಿದೆ: “ಕಿತ್ತಳೆಗೇ ನಿಲ್ಲಸ್ರಿ.”

“ನಿಲ್ಲಸಿದ್ನ್ರೀ” ಅಂದರು. ಅವರು ಮುಂದಕ್ಕೆ ಉಜ್ಜಿಯೇ ಇರಲಿಲ್ಲ.

ಎಂಜಿನ್ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡ್, ಬೇರಿಂಗ್ ಬದಲಿಸಿದರು. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಸೀಲೇ ಜೀವ. ಅಲ್ಲಿ ಗಾಳಿ ಎಳೆದರೆ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ಗಾಡಿ ಸರಿಯಾಗಿ ನಿಲ್ಲುವುದಿಲ್ಲ. ಆರು ವೋಲ್ಟಿನ ವೈರಿಂಗ್ ಪೂರ್ತಿ ಹೊಸದು. ಉಳಿದದ್ದು ಮೇಲಿನ ಸಾಮಾನು. ಆ ಸಣ್ಣ ಮಡ್‌ಗಾರ್ಡು ಮತ್ತು ಹ್ಯಾಂಡಲ್ ಎಲ್ಲಿ ಅಂತ ಕೇಳಿದರೆ ಅಪ್ಪ ಓಣಿಯ ಆ ತುದಿಗೆ ಗದ್ದ ಎತ್ತಿ ತೋರಿಸಿದ. 1996ರಲ್ಲಿ ಕಪ್ಪು ಬಣ್ಣ ಹೊಡೆಸಿ ಮತ್ತೆ ಕಂಪನಿ ಮಡ್‌ಗಾರ್ಡ್ ಹಾಕಿಸುವಾಗ ಬಿಚ್ಚಿದ್ದನ್ನು ಕಾಕಾ ಇಟ್ಟುಕೊಂಡಿದ್ದ. ಪಾಲಾಗುವಾಗ ಆ ಕೊಟ್ಟಿಗೆ ಅವನ ಪಾಲಿಗೆ ಹೋಯಿತು.

ಕಾಕಾನ ಮನೆಗೆ ಹೋಗಲು ನನಗೆ ಎರಡು ಸಲ ಧೈರ್ಯ ಸಾಲದೆ ವಾಪಸ್ ಬಂದೆ. ಮೂರನೇ ಸಲ ಚಿಗವ್ವ ಬಾಗಿಲಲ್ಲೇ ನೋಡಿದಳು. “ಯಾಕ ತಮ್ಮಾ, ಹೊರಗ ನಿಂತಿ? ಬಾ ಒಳಗ” ಅಂತ ಚಾ ಇಟ್ಟಳು. ಕಾಕಾನಿಗೆ ಫೋಟೊ ತೋರಿಸಿದೆ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಯಾರು ಕಳಿಸಿದ್ದು, ನಿಮ್ಮಪ್ಪ?”

“ಇಲ್ಲ ಕಾಕಾ, ನಾನೇ ಬಂದೇನಿ.”

ಅವನು ಎದ್ದು ಗ್ವಾದಲಿಯ ಹಿಂದಿನಿಂದ ಗೋಣಿಚೀಲ ಎಳೆದು ತಂದ. ಮಡ್‌ಗಾರ್ಡಿನ ಒಳಮೈಯಲ್ಲಿ ಕಿತ್ತಳೆ ಬಣ್ಣ ಇನ್ನೂ ಹೊಸದರಂತೆ ಇತ್ತು. ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, “ಮೊದಲನೇ ಸಲಾ ವೆಲ್ಡಿಂಗ್ ಮಾಡಿದ್ದು. ಇಲ್ಲಿ ಸೊಟ್ಟ ಆಗೇತಿ ನೋಡು” ಅಂದ. ಬರುವಾಗ ಕೇಳಿದ: “ಕ್ಯಾರಿಯರ್ ಐತಲ್ಲ?”

ನಾನು ಸುಳ್ಳು ಹೇಳಬಹುದಿತ್ತು. “ಗುಜರಿಗೆ ಹಾಕಿದೆ ಕಾಕಾ. ಗೊತ್ತಿರಲಿಲ್ಲ” ಅಂದೆ. ಅವನು ಏನೂ ಅನ್ನಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಮಹಾನವಮಿಯಲ್ಲಿ ಆಯುಧಪೂಜೆಯ ದಿನ ಗಾಡಿ ಮನೆಗೆ ಬಂತು. ಟ್ಯಾಂಕಿನಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್, ಹೊಸ ಪಿಸ್ಟನ್ ಆದ್ದರಿಂದ ಲೀಟರಿಗೆ 50 ಎಂಎಲ್. ಅಪ್ಪ ನಿಂಬೆಹಣ್ಣು ಇಟ್ಟು, ಕಿಕ್ ಹೊಡೆದ. ಒಂದು, ಎರಡು, ಐದು. ಚಾಲು ಆಗಲಿಲ್ಲ. ನಾನು ಹೊಡೆದೆ. ಓಣಿಯ ಹುಡುಗರು ಹೊಡೆದರು. ಆಗ ಆ ತುದಿಯಿಂದ ಕಾಕಾ ನಡೆದು ಬಂದ. ಯಾರೂ ಕರೆದಿರಲಿಲ್ಲ. ಯಾರ ಮುಖವನ್ನೂ ನೋಡದೆ ಬಗ್ಗಿ ಕಾರ್ಬ್ಯುರೇಟರಿನ ಟಿಕ್ಲರ್ ಒತ್ತಿ ಪೆಟ್ರೋಲ್ ತುಳುಕಿಸಿ, ಒಂದೇ ಕಿಕ್ ಹೊಡೆದ.

ಆ ಸದ್ದನ್ನು ಹೇಗೆ ಬರೆಯಲಿ? ಓಣಿ ತುಂಬ ನೀಲಿ ಹೊಗೆ. ಅವ್ವ ಸೆರಗು ಮೂಗಿಗೆ ಹಿಡಿದುಕೊಂಡೇ ನಗುತ್ತಿದ್ದಳು.

“ಎಣ್ಣಿ ಜಾಸ್ತಿ ಆಗೇತಿ” ಅಂದ ಕಾಕಾ, ಗಾಡಿಗೆ ಹೇಳಿದ ಹಾಗೆ.

“ಹೊಸಾ ಪಿಸ್ಟನ್ ಐತಿ. ಐವತ್ತು ಬೇಕು” ಅಂದ ಅಪ್ಪ, ಅವನೂ ಗಾಡಿಗೇ.

“ನಲವತ್ತು ಸಾಕು.”

“ನಿನಗ ಆವಾಗೂ ಗೊತ್ತಿರಲಿಲ್ಲ.”

ಬದುವಿನ ತಕರಾರು ಇವತ್ತಿಗೂ ಹಾಗೇ ಇದೆ. ಗಾಡಿಯೊಂದು ಅದನ್ನು ಬಗೆಹರಿಸಿತು ಅಂತ ನಾನು ಹೇಳಿದರೆ ನಮ್ಮೂರಿನವರು ನಗುತ್ತಾರೆ. ಆದರೆ ಅವತ್ತು ಹೊಗೆ ಆರಿದ ಮೇಲೆ ಕಾಕಾ ಹಿಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕ್ಯಾರಿಯರಿನ ಖಾಲಿ ಬೋಲ್ಟ್ ತೂತುಗಳ ನಡುವೆ ಗೇಣು ಹಾಕಿ ಅಳೆಯುತ್ತಿದ್ದ.

“ಎರಡು ಗೇಣು” ಅಂದ.

ಅಪ್ಪ ಬಗ್ಗಿ ತನ್ನ ಗೇಣು ಹಾಕಿದ. “ಎರಡು ಗೇಣು, ಮ್ಯಾಲ ಮೂರು ಬೆರಳು” ಅಂದ.